ಶಿರಸಿ ಬಸ್ಸಿಳಿದ ಮೇಲೆ: ಮೆಟ್ರೋನಾ, ಬಿಎಂಟಿಸಿನಾ?

ಶಿರಸಿ, ಕಾರವಾರದಿಂದ ಮೊದಲ ಸಲ ಬೆಂಗಳೂರಿಗೆ ಹೊರಟಿದ್ದೀರಾ? ದಾರಿ ಗೊತ್ತಿಲ್ಲದಿದ್ದರೆ ಮೆಟ್ರೋನೇ ಹಿಡಿಯಿರಿ. ಹಸಿರು ಮಾರ್ಗ ತುಮಕೂರು ರಸ್ತೆಯ ಗುಂಟವೇ ಬರುತ್ತದೆ. ಹಾಗಾಗಿ ರಾತ್ರಿ ಬಸ್ಸಿನವರು ಮೆಜೆಸ್ಟಿಕ್‌ವರೆಗೆ ಕೂರಬೇಕಿಲ್ಲ, ಯಶವಂತಪುರದಲ್ಲೇ ಇಳಿದು ಮೆಟ್ರೋ ಹತ್ತಬಹುದು. ವೈಟ್‌ಫೀಲ್ಡ್‌ಗೆ ಹೋಗೋದಾದ್ರೆ ಮೆಜೆಸ್ಟಿಕ್‌ನಲ್ಲಿ ನೇರಳೆ ಮಾರ್ಗಕ್ಕೆ ಬದಲಿಸಿ. ಮುಂದಿನ ನಿಲ್ದಾಣದ ಹೆಸರನ್ನು ಕನ್ನಡದಲ್ಲೇ ಹೇಳುತ್ತಾರೆ, ಟ್ರಾಫಿಕ್ ಕಾಟವೂ ಇಲ್ಲ. ಊರಿನ ಅಕ್ಕಿ, ಕಾಯಿ ತುಂಬಿದ ದೊಡ್ಡ ಮೂಟೆ ಇದ್ದರೆ ಮಾತ್ರ ಕಷ್ಟ.

ಬಿಎಂಟಿಸಿ, ಅಂದರೆ ಬೆಂಗಳೂರಿನ ಸಿಟಿ ಬಸ್ಸು, ಮೆಟ್ರೋ ಇಲ್ಲದ ಬಡಾವಣೆಗೂ ಹೋಗುತ್ತದೆ. ಶಕ್ತಿ ಯೋಜನೆಯಲ್ಲಿ 2023ರ ಜೂನ್‌ನಿಂದ ನಮ್ಮ ರಾಜ್ಯದ ಹೆಣ್ಣುಮಕ್ಕಳಿಗೆ ಸಾಮಾನ್ಯ ಬಸ್ಸು ಉಚಿತ. ಗುರುತಿನ ಚೀಟಿ ತೋರಿಸಿ, ಕಂಡಕ್ಟರ್ ಶೂನ್ಯ ಟಿಕೆಟ್ ಕೊಡುತ್ತಾರೆ. ಎಸಿ ವಜ್ರ ಬಸ್ಸಿಗೆ ಇದು ನಡೆಯೋದಿಲ್ಲ. ಆದರೆ ಇಂಟರ್‌ವ್ಯೂ ಇದ್ದ ದಿನ ಬೆಳಿಗ್ಗೆ ಬಸ್ಸು ನಂಬಬೇಡಿ, ಸಿಗ್ನಲ್‌ಗಳಲ್ಲೇ ಹೊತ್ತು ಹೋಗುತ್ತದೆ.