ಎಂಪಿ3ಟ್ಯಾಗ್: ಹಾಡಿನ ರಾಶಿಗೆ ಒಂದು ಶಿಸ್ತು

ಕನ್ನಡ ಚಿತ್ರಗೀತೆಗಳ ಫೋಲ್ಡರನ್ನು ಪ್ಲೇಯರ್‌ಗೆ ಹಾಕಿದ ಕೂಡಲೇ ಒಂದೇ ಸಿನಿಮಾ ಐದಾರು ಆಲ್ಬಂಗಳಾಗಿ ಒಡೆದು ನಿಲ್ಲುತ್ತದೆ. ಹಾಡಿಗೊಬ್ಬ ಗಾಯಕ ಇರುವುದೇ ಇದಕ್ಕೆ ಕಾರಣ. ವಿಂಡೋಸ್‌ನಲ್ಲಿ ಉಚಿತವಾಗಿ ಸಿಗುವ, ಹಾಡಿನ ಫೈಲಿನೊಳಗಿನ ಹೆಸರು, ಗಾಯಕ ಮುಂತಾದ ವಿವರಗಳನ್ನು (ಟ್ಯಾಗ್) ತಿದ್ದುವ ಎಂಪಿ3ಟ್ಯಾಗ್ ತಂತ್ರಾಂಶ ಇದನ್ನು ಅರ್ಧ ನಿಮಿಷದಲ್ಲಿ ಸರಿಮಾಡುತ್ತದೆ: ಚಿತ್ರದ ಎಲ್ಲ ಹಾಡುಗಳನ್ನೂ ಆರಿಸಿ, 'ಆಲ್ಬಂ ಆರ್ಟಿಸ್ಟ್' ಜಾಗದಲ್ಲಿ ಸಂಗೀತ ನಿರ್ದೇಶಕರ ಹೆಸರು ಬರೆದು, ಕಂಟ್ರೋಲ್+ಎಸ್ ಒತ್ತಿ. ಗಾಯಕರ ಹೆಸರುಗಳು ಇದ್ದಲ್ಲೇ ಇರುತ್ತವೆ.

ಕನ್ನಡ ಲಿಪಿಯಲ್ಲೇ ಬರೆಯಿರಿ, ಧೈರ್ಯವಾಗಿ. ಆದರೆ ಸೆಟ್ಟಿಂಗ್ಸ್‌ನ ಎಂಪೆಗ್ ಪುಟದಲ್ಲಿ ಐಡಿ3ವಿ2.3 (ಟ್ಯಾಗ್ ಬರೆಯುವ ಒಂದು ಮಾದರಿ), ಯುಟಿಎಫ್-16 (ಕನ್ನಡದಂಥ ಲಿಪಿಗಳನ್ನೂ ಹಿಡಿದಿಡುವ ಅಕ್ಷರ ಸಂಕೇತ) ಆಯ್ಕೆಯಾಗಿದೆಯೇ ನೋಡಿಕೊಳ್ಳಿ. ಹಳೆಯ ಐಡಿ3ವಿ1ರಲ್ಲಿ ಹೆಸರಿಗೆ ಇರುವುದು 30 ಬೈಟ್ ಮಾತ್ರ, ಕನ್ನಡಕ್ಕೆ ಅಲ್ಲಿ ಜಾಗವೇ ಇಲ್ಲ. ಅದನ್ನೇ ಓದುವ ಪ್ಲೇಯರ್‌ನಲ್ಲಿ '????' ಕಾಣುತ್ತದೆ.

ಆಲ್ಟ್+1 ಟ್ಯಾಗ್‌ನಿಂದ ಫೈಲಿನ ಹೆಸರು ಕಟ್ಟಿಕೊಡುತ್ತದೆ, ಆಲ್ಟ್+2 ಫೈಲಿನ ಹೆಸರಿನಿಂದ ಟ್ಯಾಗ್ ತುಂಬುತ್ತದೆ. ಕ್ರಮಸಂಖ್ಯೆ 01, 02 ಎಂದೇ ಇರಲಿ. ಸೊನ್ನೆ ಬಿಟ್ಟರೆ ಹೆಸರಿನ ಪ್ರಕಾರ ಜೋಡಿಸುವ ಕಾರ್ ಸ್ಟೀರಿಯೊಗಳಲ್ಲಿ 1 ಆದಮೇಲೆ 10 ಬರುತ್ತದೆ. ಎಡವಟ್ಟಾದರೆ ಕಂಟ್ರೋಲ್+ಝಡ್ ಇದೆ, ಆದರೂ ಮೊದಲು ಫೋಲ್ಡರಿನ ಒಂದು ನಕಲು ಇಟ್ಟುಕೊಳ್ಳಿ.

ಒಂದೇ ಕೊರತೆ: ಇದರಲ್ಲಿ ಹಾಡಿನ ದನಿ ಕೇಳಿಯೇ ಗುರುತಿಸುವ ಸೌಲಭ್ಯವಿಲ್ಲ. 'ಟ್ರ್ಯಾಕ್ 07' ಎಂದಷ್ಟೇ ಇರುವ ಫೈಲುಗಳಿಗೆ ಮ್ಯೂಸಿಕ್‌ಬ್ರೈನ್ಜ್ ಪಿಕಾರ್ಡ್ ಎಂಬ, ದನಿಯಿಂದಲೇ ಹಾಡು ಗುರುತಿಸಬಲ್ಲ ತಂತ್ರಾಂಶ ಬಳಸಿ.