ಹೋಮ್‌ಸ್ಟೇಗೆ ವೆಬ್‌ಸೈಟ್ ಮಾಡಿಸುವವರು ದಯವಿಟ್ಟು ಓದಿ: ನಮ್ಮ ಅತಿಥಿಗಳ ಆಧಾರ್ ಕಂಡವರಿಗೆಲ್ಲ ಸಿಗುತ್ತಿತ್ತು

ಶಿರಸಿ, ಸಿದ್ದಾಪುರ, ಕುಮಟಾ, ಗೋಕರ್ಣ ಕಡೆ ಹೋಮ್‌ಸ್ಟೇ ನಡೆಸುವವರು ಇದನ್ನು ಪೂರ್ತಿ ಓದಿ. ಎರಡು ವಾರದಿಂದ ನನಗೆ ಸರಿಯಾಗಿ ನಿದ್ದೆ ಇಲ್ಲ. ಸಿಟ್ಟೂ ಇದೆ, ನಾಚಿಕೆಯೂ ಇದೆ. "ಊರಿಗೆಲ್ಲ ಹೇಳಿಕೊಂಡು ಎಂತ ಮಾಡ್ತೆ" ಅಂತ ನಮ್ಮನೆಯವರು ಅಂದರು. ಆದರೆ ನಮ್ಮ ವೆಬ್‌ಸೈಟ್ ಮಾಡಿಕೊಟ್ಟ ಹುಡುಗರೇ ಈ ಕಡೆ ಇನ್ನೂ ಮೂರು ನಾಲ್ಕು ಮನೆಗೆ ಇಂಥದ್ದೇ ವೆಬ್‌ಸೈಟ್ ಮಾಡಿಕೊಟ್ಟಿದ್ದಾರೆ. ಅವರ ಬಾಯಲ್ಲೇ ಕೇಳಿದ್ದು. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಶಿರಸಿಯಿಂದ ಯಾಣದ ಕಡೆ ಹೋಗುವಾಗ ಒಳಗೆ ಇರುವ ತೋಟದ ಮನೆ. ನಾಲ್ಕು ರೂಮು. ಮೊದಲು ಬುಕಿಂಗ್ ಎಲ್ಲ ಫೋನಿನಲ್ಲೇ ಆಗುತ್ತಿತ್ತು. ಮಳೆಗಾಲದಲ್ಲಿ ಕರೆಂಟು ಹೋದರೆ ಟವರೂ ಹೋಗುತ್ತದೆ, ಒಂದೇ ರೂಮನ್ನು ಇಬ್ಬರಿಗೆ ಹೇಳಿ ಎರಡು ಸಲ ಪಜೀತಿ ಆಯಿತು. ಹೀಗಾಗಿ ಹುಬ್ಬಳ್ಳಿಯ ಒಂದು ಸಣ್ಣ ಕಂಪನಿಗೆ 45,000 ಕೊಟ್ಟು ವೆಬ್‌ಸೈಟ್ ಮಾಡಿಸಿದೆವು. ಮಾತಾಡಲು ಬಂದ ಹುಡುಗ "ನಾನೂ ಸಿದ್ದಾಪುರ ಕಡೆಯವನೇ ಅಕ್ಕಾ" ಅಂದ. ಊಟ ಹಾಕಿ, ಹೋಗುವಾಗ ತೊಡದೇವು ಕಟ್ಟಿಕೊಟ್ಟು ಕಳಿಸಿದೆ. ಅಷ್ಟು ನಂಬಿದ್ದೆ.

ಅತಿಥಿಗಳ ಗುರುತಿನ ಚೀಟಿ ಇಟ್ಟುಕೊಳ್ಳಬೇಕು, ಅದು ಗೊತ್ತಿದ್ದದ್ದೇ. ಬುಕ್ ಮಾಡುವಾಗಲೇ ಆಧಾರ್ ಫೋಟೊ ಹಾಕುವ ಹಾಗೆ ಮಾಡಿಕೊಟ್ಟರು. ಒಂದೂವರೆ ವರ್ಷದಲ್ಲಿ ಮುನ್ನೂರರ ಮೇಲೆ ಬುಕಿಂಗ್ ಆಯಿತು. ಚೆನ್ನಾಗಿಯೇ ನಡೆಯುತ್ತಿದೆ ಅಂದುಕೊಂಡಿದ್ದೆ.

ಹೋದ ತಿಂಗಳು ಬೆಂಗಳೂರಿಂದ ಇಬ್ಬರು ಹುಡುಗಿಯರು ಬಂದಿದ್ದರು. ಒಬ್ಬಳಿಗೆ ಸಾಫ್ಟ್‌ವೇರ್ ಟೆಸ್ಟಿಂಗ್ ಕೆಲಸ. ಸಂಜೆ ಜಗುಲಿಯಲ್ಲಿ ಕಷಾಯ ಕುಡಿಯುತ್ತಾ ಕೂತಿದ್ದಾಗ ಮೆಲ್ಲಗೆ, "ಅಕ್ಕಾ, ಬೇಜಾರು ಮಾಡ್ಕೋಬೇಡಿ, ಒಂದು ತೋರಿಸ್ಲಾ" ಅಂದಳು. ಅವಳ ಬುಕಿಂಗ್ ನಂಬರ್ 318, ಗೆಳತಿಯದ್ದು 319. ಇಬ್ಬರೂ ಬೇರೆ ಬೇರೆ ಲಾಗಿನ್ ಮಾಡಿ ಬುಕ್ ಮಾಡಿದ್ದರು. ಬಿಲ್ಲಿನ ಕೊಂಡಿ, ಅಂದರೆ ಲಿಂಕ್ ಇದೆಯಲ್ಲ, ಅದರ ಕೊನೆಯಲ್ಲಿ ಈ ನಂಬರ್ ಇರುತ್ತದೆ. ಗೆಳತಿಯನ್ನು ಕೇಳಿ, ಅವಳ ಎದುರೇ, ತನ್ನ ಲಾಗಿನ್‌ನಲ್ಲೇ 318 ಇದ್ದಲ್ಲಿ 319 ಅಂತ ಹಾಕಿದಳು. ಗೆಳತಿಯ ಹೆಸರು, ಫೋನು, ಮನೆ ವಿಳಾಸ, ಆಧಾರ್ ಫೋಟೊ, ಎಲ್ಲ ಬಂತು. "ಬೇರೆಯವರದ್ದು ನಾನು ತೆಗೆದು ನೋಡಿಲ್ಲ ಅಕ್ಕಾ, ನೋಡಬಾರದು. ಆದರೆ ನೀವು ನೋಡಿ, ನಿಮ್ಮ ಸೈಟು" ಅಂದಳು.

ಅವಳ ಎದುರು ನೋಡಲು ಧೈರ್ಯ ಆಗಲಿಲ್ಲ. ರಾತ್ರಿ ಅಡುಗೆಮನೆಯಲ್ಲಿ ಒಬ್ಬಳೇ ಕೂತೆ. ನನ್ನದೇ ಇನ್ನೊಂದು ಮೊಬೈಲ್ ನಂಬರಿನಿಂದ ಸಾಮಾನ್ಯ ಅತಿಥಿಯ ಹಾಗೆ ಲಾಗಿನ್ ಮಾಡಿ ಸುಮ್ನೆ 207 ಅಂತ ಹಾಕಿದೆ. ಧಾರವಾಡದ ವಯಸ್ಸಾದ ಗಂಡ ಹೆಂಡತಿ. ಹೂವಿನ ಬೆಡ್‌ಶೀಟ್ ಮೇಲೆ ಆಧಾರ್ ಇಟ್ಟು ತೆಗೆದ ಫೋಟೊ, ಮೂಲೆಯಲ್ಲಿ ಆ ಅಜ್ಜನ ಹೆಬ್ಬೆರಳು. ಹನ್ನೆರಡೂ ಅಂಕಿ ಸ್ಪಷ್ಟವಾಗಿ ಕಾಣುತ್ತಿತ್ತು. ಅವರು ನಮ್ಮ ಮನೆಯಲ್ಲಿ ಎರಡು ದಿನ ಇದ್ದು, ಅಪ್ಪೆಹುಳಿ ಎರಡೆರಡು ಸಲ ಹಾಕಿಸಿಕೊಂಡು ಉಂಡವರು. ನಮ್ಮನ್ನು ನಂಬಿ ಕೊಟ್ಟಿದ್ದು ಅದು. ನನ್ನ ಕೈ ನಡುಗಿತು.

ಮರುದಿನ ಬೆಳಿಗ್ಗೆಯೇ ಹುಬ್ಬಳ್ಳಿಗೆ ಫೋನ್ ಮಾಡಿದೆ. ಅವರು ಕೊಟ್ಟ ಉತ್ತರಗಳನ್ನು ಹಾಗೇ ಬರೆಯುತ್ತೇನೆ.

ಮೊದಲನೆಯದು: "ಲಾಗಿನ್ ಇಲ್ಲದೆ ಯಾರಿಗೂ ಕಾಣಲ್ಲ ಅಕ್ಕಾ." ಅಲ್ಲ, ಒಂದು ಮೊಬೈಲ್ ನಂಬರ್ ಇದ್ದರೆ ಯಾರು ಬೇಕಾದರೂ ಲಾಗಿನ್ ಆಗಬಹುದಲ್ವಾ? ಎರಡನೆಯದು: "ಮೇಲೆ ಬೀಗದ ಗುರುತು ಬರುತ್ತಲ್ಲ, ಸೈಟ್ ಸೇಫ್ ಇದೆ." ಆ ಬೀಗ ದಾರಿಯ ಮಧ್ಯೆ ಯಾರೂ ಕದಿಯದ ಹಾಗೆ ನೋಡಿಕೊಳ್ಳುತ್ತದೆ ಅಷ್ಟೇ, ಸೈಟೇ ಎತ್ತಿ ಕೊಟ್ಟರೆ ಅದು ಏನು ಮಾಡೀತು? ಇದನ್ನೂ ಆ ಹುಡುಗಿಯೇ ಬಿಡಿಸಿ ಹೇಳಿದ್ದು. ಮೂರನೆಯದು ಕೇಳಿ: "ಆ ಗೆಸ್ಟ್ ಹ್ಯಾಕಿಂಗ್ ಮಾಡಿದ್ದಾರೆ, ಅವರ ಮೇಲೆ ಕೇಸ್ ಹಾಕಿ." ಒಳ್ಳೆಯ ಮನಸ್ಸಿನಿಂದ ಬಂದು ಹೇಳಿದವಳ ಮೇಲೆ ಕೇಸು! ಫೋನ್ ಇಟ್ಟುಬಿಟ್ಟೆ.

ಸಂಜೆ ಮೆಸೇಜ್ ಬಂತು: "ಸರಿ ಮಾಡಿದ್ದೇವೆ." ನೋಡಿದರೆ ಬಿಲ್ಲಿನ ಕೊಂಡಿಯನ್ನು ಪುಟದಿಂದ ತೆಗೆದಿದ್ದರು. ಅಷ್ಟೇ. ಹಳೆಯ ಕೊಂಡಿಯನ್ನು ಕೈಯಲ್ಲಿ ಟೈಪ್ ಮಾಡಿದರೆ ಅಜ್ಜನ ಆಧಾರ್ ಹಾಗೇ ಬರುತ್ತಿತ್ತು. ಪುಟದಲ್ಲಿ ಕಾಣದಿದ್ದರೂ ಹಿಂದಿನಿಂದ ಪುಟಕ್ಕೆ ಮಾಹಿತಿ ಕೊಡುವ ಎಪಿಐ ಅನ್ನುವ ದಾರಿ ಬಾಯಿ ತೆರೆದುಕೊಂಡೇ ಇತ್ತು. ಮತ್ತೆ ಫೋನ್. ಎರಡು ದಿನ ಬಿಟ್ಟು, "ಈಗ ನಂಬರ್ ಎನ್‌ಕ್ರಿಪ್ಟ್ ಮಾಡಿದ್ದೇವೆ ಅಕ್ಕಾ, ಯಾರಿಂದಲೂ ಆಗಲ್ಲ." ನೋಡಿದರೆ 318ರ ಜಾಗದಲ್ಲಿ 'ಎಂ ಝಡ್ ಇ 4' ಅಂತ ಇತ್ತು. ಎನ್‌ಕ್ರಿಪ್ಟ್ ಅಂದರೆ ಕೀಲಿ ಇಲ್ಲದವರಿಗೆ ಓದಲು ಬಾರದ ಹಾಗೆ ಗುಟ್ಟು ಮಾಡುವುದು. ನನಗೆ ಖುಷಿಯಾಯಿತು. ಆ ಹುಡುಗಿಗೆ ಫೋಟೊ ಕಳಿಸಿದೆ. ಒಂದು ನಿಮಿಷಕ್ಕೆ ಉತ್ತರ ಬಂತು: "ಅಕ್ಕಾ, ಇದು ಎನ್‌ಕ್ರಿಪ್ಟ್ ಅಲ್ಲ, ಬೇಸ್ 64. ಅದೇ ನಂಬರನ್ನು ಬೇರೆ ಅಕ್ಷರದಲ್ಲಿ ಬರೆದಿದ್ದಾರೆ. 319 ಬೇಕಾದರೆ ಕೊನೆಯ 4ನ್ನು 5 ಮಾಡಿ." ಮಾಡಿದೆ. ಬಂತು.

ಆಗ ನಿಜವಾಗಿ ಹೊಟ್ಟೆ ಉರಿಯಿತು. ಗೊತ್ತಿಲ್ಲದೆ ಮಾಡಿದ ತಪ್ಪು ಬೇರೆ. ಇದು ನನಗೆ ಗೊತ್ತಾಗುವುದಿಲ್ಲ, ತೋಟದ ಮನೆಯ ಹೆಂಗಸು, ಏನು ಹೇಳಿದರೂ ನಂಬುತ್ತಾಳೆ ಅಂತ ಮಾಡಿದ್ದು. ಅಷ್ಟಾದ ಮೇಲೂ ಕಂಪನಿಯ ಯಜಮಾನರು ಫೋನ್ ಮಾಡಿ, "ಮೇಡಂ, ಸೆಕ್ಯೂರಿಟಿ ಮಾಡ್ಯೂಲ್ ಬೇರೆ ಬರುತ್ತೆ, 15,000 ಆಗುತ್ತೆ" ಅಂದರು. ಬಾಗಿಲಿಗೆ ಚಿಲಕ ಹಾಕಲು ಬೇರೆ ದುಡ್ಡು ಅಂತೆ!

ಕೊನೆಗೆ ಒಂದೇ ಒಂದು ಕೇಳಿದೆ. ಇಷ್ಟು ದಿನದಲ್ಲಿ ಯಾರು ಯಾರ ಮಾಹಿತಿ ತೆಗೆದಿದ್ದಾರೆ, ಅದಾದರೂ ಹೇಳಿ. "ಲಾಗ್ ಇಟ್ಟಿಲ್ಲ ಮೇಡಂ, ಜಾಗ ಜಾಸ್ತಿ ತಗೊಳ್ಳುತ್ತೆ." ಲಾಗ್ ಅಂದರೆ ಯಾರು ಯಾವಾಗ ಏನು ತೆರೆದರು ಅನ್ನುವ ದಾಖಲೆ. ಅದಿಲ್ಲ ಅಂದರೆ ಯಾರೂ ನೋಡಿಲ್ಲವೋ, ನೂರು ಜನ ನೋಡಿದ್ದಾರೋ, ಯಾವತ್ತೂ ಗೊತ್ತಾಗುವುದಿಲ್ಲ. 2022ರ ಏಪ್ರಿಲ್‌ನಲ್ಲೇ ಕೇಂದ್ರ ಸರ್ಕಾರದ ಸೈಬರ್ ಭದ್ರತೆ ನೋಡಿಕೊಳ್ಳುವ ಸರ್ಟ್-ಇನ್ ಆದೇಶ ಹೊರಡಿಸಿದೆ, ಕಂಪನಿಗಳು 180 ದಿನದ ಲಾಗ್ ಇಡಬೇಕು, ಮಾಹಿತಿ ಸೋರಿದ್ದು ಗೊತ್ತಾದ 6 ಗಂಟೆಯೊಳಗೆ ತಿಳಿಸಬೇಕು ಅಂತ. ಅದನ್ನು ಹೇಳಿದ್ದಕ್ಕೆ "ಅದೆಲ್ಲ ದೊಡ್ಡ ಕಂಪನಿಗೆ" ಅಂತ ಫೋನ್ ಇಟ್ಟರು. 2023ರಲ್ಲಿ ವೈಯಕ್ತಿಕ ಮಾಹಿತಿಯ ಕಾಯ್ದೆಯೂ ಬಂದಿದೆ. ಅದರ ಪ್ರಕಾರ ಮಾಹಿತಿ ಕೇಳಿ ತೆಗೆದುಕೊಂಡವರೇ ಹೊಣೆ, ದಂಡ 250 ಕೋಟಿವರೆಗೂ ಬರೆದಿದೆ. ಅಂದರೆ ಹೊಣೆ ನಮ್ಮ ತಲೆಗೇ, ಆ ಹುಡುಗರ ಕೈಯಲ್ಲಿ ಮಾಡಿಸಿದ್ದರೂ.

ನಂಬರ್ ಬದಲಿಸಿದರೆ ಬೇರೆಯವರ ಮಾಹಿತಿ ಸಿಗುವ ಈ ದೋಷಕ್ಕೆ ಬ್ರೋಕನ್ ಆಕ್ಸೆಸ್ ಕಂಟ್ರೋಲ್ ಅನ್ನುತ್ತಾರೆ. ನಮ್ಮ ಸೊಸೈಟಿ ಕೌಂಟರ್ ನೆನಪು ಮಾಡಿಕೊಳ್ಳಿ. ನೀವು ಸದಸ್ಯರು ಹೌದೋ ಅಲ್ಲವೋ ಅಂತ ಮಾತ್ರ ನೋಡಿ, ಆಮೇಲೆ ಯಾವ ಖಾತೆ ನಂಬರ್ ಹೇಳಿದರೂ ಆ ಖಾತೆಯ ಲೆಕ್ಕ ತೆಗೆದು ಕೊಟ್ಟರೆ? ಪಕ್ಕದ ಮನೆಯವರ ಅಡಿಕೆ ದುಡ್ಡು, ಸಾಲ ಎಲ್ಲ ನಿಮ್ಮ ಕೈಗೆ. ಲಾಗಿನ್ ಅಂದರೆ ಸದಸ್ಯರು ಹೌದು ಅಂತ ನೋಡುವುದು. ಈ ಖಾತೆ ಇವರದ್ದೇನಾ ಅಂತ ನೋಡುವುದು ಬೇರೆ ಕೆಲಸ, ಮತ್ತು ಅದನ್ನು ಪ್ರತಿ ಸಲವೂ ಸರ್ವರ್‌ನಲ್ಲೇ, ಅಂದರೆ ಮಾಹಿತಿ ಇಟ್ಟಿರುವ ಕಂಪ್ಯೂಟರಿನಲ್ಲೇ ನೋಡಬೇಕು. ನಮ್ಮ ಸೈಟಿನಲ್ಲಿ ಆ ಎರಡನೇ ಕೆಲಸವನ್ನು ಯಾರೂ ಮಾಡಿರಲೇ ಇಲ್ಲ. ಓವಾಸ್ಪ್ ಅನ್ನುವ ಸಂಸ್ಥೆ ವೆಬ್‌ಸೈಟುಗಳ ದೊಡ್ಡ ದೋಷಗಳ ಪಟ್ಟಿ ಮಾಡುತ್ತದೆ. ಇದು 2017ರಲ್ಲಿ ಐದನೇ ಜಾಗದಲ್ಲಿತ್ತು, 2021ರಲ್ಲಿ ಮೊದಲನೆಯದಾಯಿತು. ಎಪಿಐಗಳಿಗೇ ಮಾಡಿದ 2019 ಮತ್ತು 2023ರ ಪಟ್ಟಿಗಳಲ್ಲೂ ಈ ನಂಬರ್ ಬದಲಿಸುವ ದೋಷವೇ ಮೊದಲು. ಅಮೆರಿಕದ ಫಸ್ಟ್ ಅಮೆರಿಕನ್ ಅನ್ನುವ ಕಂಪನಿಯಲ್ಲಿ 2019ರಲ್ಲಿ ಹೀಗೇ ಕೊಂಡಿಯ ನಂಬರ್ ಬದಲಿಸಿದರೆ ಸುಮಾರು 88.5 ಕೋಟಿ ದಾಖಲೆ ಸಿಗುತ್ತಿದ್ದವು, ಮನೆ ಸಾಲದ ಕಾಗದ, ಬ್ಯಾಂಕ್ ಖಾತೆ ಎಲ್ಲ. ಅಲ್ಲಿ ಲಾಗಿನ್ ಕೂಡ ಬೇಕಿರಲಿಲ್ಲ. ಇಷ್ಟು ಹೆಸರಾದ ತಪ್ಪು ಇದು. ವೆಬ್‌ಸೈಟ್ ಮಾಡಿ ಬದುಕುವವರಿಗೆ ಗೊತ್ತಿಲ್ಲ ಅಂದರೆ ನಾನು ಒಪ್ಪುವುದಿಲ್ಲ.

ನೀವು ಮಾಡಬೇಕಾದ್ದು ಇಷ್ಟು. ಕೊನೆಯ ಕಂತು ಕೊಡುವ ಮೊದಲು ಎರಡು ನಂಬರಿನಿಂದ ಎರಡು ಬುಕಿಂಗ್ ನೀವೇ ಮಾಡಿ. ಒಂದರ ಬಿಲ್ಲಿನ ಕೊಂಡಿಯನ್ನು ಇನ್ನೊಂದರ ಲಾಗಿನ್‌ನಲ್ಲಿ ತೆರೆಯಿರಿ. ತೆರೆದರೆ ಒಂದು ರೂಪಾಯಿಯನ್ನೂ ಕೊಡಬೇಡಿ. ನಿಮ್ಮ ಸೈಟಿನಲ್ಲಿ, ನಿಮ್ಮದೇ ಎರಡು ಲಾಗಿನ್‌ನಲ್ಲಿ ಮಾತ್ರ ನೋಡಿ, ಬೇರೆಯವರ ಸೈಟಿನಲ್ಲಿ ಹೀಗೆ ಮಾಡಿದರೆ ಐಟಿ ಕಾಯ್ದೆಯಲ್ಲಿ ಅದು ಅಪರಾಧವೇ ಆಗಬಹುದು. ಪೂರ್ತಿ ಆಧಾರ್ ತೆಗೆದುಕೊಳ್ಳಲೇಬೇಡಿ. ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ಅನ್ನು ಆಧಾರ್ ಕೊಡುವ ಯುಐಡಿಎಐ ಸೈಟಿನಿಂದಲೇ ಇಳಿಸಿಕೊಳ್ಳಬಹುದು, ಅದನ್ನೇ ಕೇಳಿ. ನಮ್ಮೂರ ಹುಡುಗ ಅಂತ ನಂಬಿ ನನ್ನ ಹಾಗೆ ಸುಮ್ಮನಿರಬೇಡಿ.

ಸೈಟು ಈಗ ಬಂದ್ ಮಾಡಿಸಿದ್ದೇನೆ. ದಿನಾ ಮಧ್ಯಾಹ್ನ ಊಟದ ಮೇಲೆ ರಿಜಿಸ್ಟರ್ ಹಿಡಿದು ಕೂತು, ಅತಿಥಿಗಳಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೀಗಾಗಿದೆ ಅಂತ ಹೇಳುತ್ತಿದ್ದೇನೆ. ಕೆಲವರು ಬೈಯುತ್ತಾರೆ, ಕೇಳಿಸಿಕೊಳ್ಳುತ್ತೇನೆ. ಧಾರವಾಡದ ಅಜ್ಜ "ನೀವs ಫೋನ್ ಮಾಡಿ ಹೇಳಿದ್ರಲ್ಲಾ ತಂಗಿ, ಚಲೋ ಆತು, ಈಗ ಏನು ಮಾಡಬೇಕು ಹೇಳ್ರಿ" ಅಂದರು. ಬೆರಳಚ್ಚು, ಕಣ್ಣಿನ ಗುರುತನ್ನು ಬೇರೆಯವರು ಬಳಸದ ಹಾಗೆ ಆಧಾರ್ ಬಯೋಮೆಟ್ರಿಕ್ ಲಾಕ್ ಮಾಡುವುದು ಹೇಗೆ ಅಂತ ಅರ್ಧ ಗಂಟೆ ಕೂತು ಹೇಳಿಕೊಟ್ಟೆ. ಇನ್ನೂ ನೂರಾ ಹತ್ತು ಜನರಿಗೆ ಫೋನ್ ಮಾಡಬೇಕು.