ಹಳೇ ಅಂಬಾಸಿಡರ್‌ಗೆ ಟೈಮಿಂಗ್: ಬಲ್ಬಾ, ಕಿವಿಯಾ?

ಟೈಮಿಂಗ್ ಅಂದ್ರೆ ಸಿಲಿಂಡರಿನಲ್ಲಿ ಕಿಡಿ ಹಾರುವ ಹೊತ್ತು. ಅದನ್ನು ತೋರಿಸುವ ಟೈಮಿಂಗ್ ಲೈಟ್ ಇಲ್ಲ ಅಂದ್ರೆ ಹಳೇ ಪೆಟ್ರೋಲ್ ಅಂಬಾಸಿಡರ್‌ಗೆ ಎರಡು ದಾರಿ ಇವೆ. ಯಾವುದಕ್ಕೇ ಆದರೂ ಮೊದಲು ಡಿಸ್ಟ್ರಿಬ್ಯೂಟರಿನ (ಪ್ಲಗ್ಗುಗಳಿಗೆ ಕಿಡಿಯ ಕರೆಂಟ್ ಹಂಚುವ ಭಾಗ) ಒಳಗೆ ತೆರೆದು ಮುಚ್ಚುವ ಪಾಯಿಂಟ್ ಗ್ಯಾಪ್ ಸುಮಾರು 0.4 ಮಿ.ಮೀ.ಗೆ ಇಡಿ. ಗ್ಯಾಪ್ ಬದಲಾದರೆ ಟೈಮಿಂಗೂ ಬದಲಾಗುತ್ತದೆ.

ಬಲ್ಬ್ ವಿಧಾನಕ್ಕೆ ಎಂಜಿನ್ ಓಡಬೇಕಿಲ್ಲ. ಗಾಡಿ ನ್ಯೂಟ್ರಲ್‌ನಲ್ಲಿರಲಿ. ಒಂದನೇ ಸಿಲಿಂಡರ್ ಕಂಪ್ರೆಷನ್‌ನಲ್ಲಿರುವಾಗ ಪುಲ್ಲಿಯ ಗುರುತನ್ನು ಮ್ಯಾನುಯಲ್ ಹೇಳುವ ಡಿಗ್ರಿಗೆ ತನ್ನಿ. ಎಂಜಿನ್ ತಿರುಗುವ ದಿಕ್ಕಿನಲ್ಲೇ ತಿರುಗಿಸಿ, ಇಲ್ಲದಿದ್ದರೆ ಎಂಜಿನ್ ಒಳಗಿನ ಟೈಮಿಂಗ್ ಚೈನಿನ ಸಡಿಲ ಲೆಕ್ಕ ತಪ್ಪಿಸುತ್ತದೆ. 12 ವೋಲ್ಟ್ ಬಲ್ಬಿನ ಒಂದು ವೈರ್ ಡಿಸ್ಟ್ರಿಬ್ಯೂಟರ್‌ ಪಕ್ಕದ ಟರ್ಮಿನಲ್‌ಗೆ, ಇನ್ನೊಂದು ಬಾಡಿಗೆ. ಇಗ್ನಿಷನ್ ಆನ್ ಮಾಡಿ, ಬಲ್ಬ್ ಆರುವವರೆಗೆ ಡಿಸ್ಟ್ರಿಬ್ಯೂಟರನ್ನು ಅದರೊಳಗಿನ ರೋಟರ್ ತಿರುಗುವ ಕಡೆಗೆ ಹೊರಳಿಸಿ. ಆಮೇಲೆ ನಿಧಾನಕ್ಕೆ ಎದುರು ದಿಕ್ಕಿಗೆ. ಬಲ್ಬ್ ಹತ್ತಿದ ಕ್ಷಣವೇ ಪಾಯಿಂಟ್ ಬಿಟ್ಟುಕೊಂಡಿತು ಅಂತ. ಅಲ್ಲೇ ಬಿಗಿ ಮಾಡಿ, ಇಗ್ನಿಷನ್ ಆಫ್ ಮಾಡಿ. ಜಾಸ್ತಿ ಹೊತ್ತು ಆನ್ ಇದ್ದರೆ ಕಿಡಿಗೆ ಹೆಚ್ಚು ವೋಲ್ಟ್ ಕೊಡುವ ಕಾಯಿಲ್ ಬಿಸಿಯಾಗುತ್ತದೆ.

ಕಿವಿ ವಿಧಾನ ಬೇಗ ಮುಗಿಯುತ್ತದೆ. ಎಂಜಿನ್ ಐಡಲ್‌ನಲ್ಲಿ (ಆಕ್ಸಿಲರೇಟರ್ ಒತ್ತದೆ) ಓಡುವಾಗ ಡಿಸ್ಟ್ರಿಬ್ಯೂಟರ್ ತಿರುಗಿಸಿ, ಆರ್‌ಪಿಎಂ ಏರಿದ ಕಡೆಯಿಂದ ಸ್ವಲ್ಪ ಹಿಂದಕ್ಕೆ. ಆದರೆ ಐಡಲ್‌ಗೆ ಹಿತವಾದದ್ದು ಏರು ರಸ್ತೆಯಲ್ಲಿ ಜಾಸ್ತಿ ಅಡ್ವಾನ್ಸ್ ಆಗಬಹುದು, ಅಂದ್ರೆ ಕಿಡಿ ತೀರಾ ಬೇಗ ಹಾರಬಹುದು. ಆಗ ಬರುವ ಕಿಟಿಕಿಟಿ ಸದ್ದು ಪಿಸ್ಟನ್‌ಗೆ ಒಳ್ಳೆಯದಲ್ಲ.

ಹೊಸಬರು ಬಲ್ಬನ್ನೇ ಆರಿಸಿಕೊಳ್ಳಿ. ಗುರುತು ಅಳಿಸಿಹೋಗಿದ್ದರೆ ಮಾತ್ರ ಕಿವಿಯೊಂದನ್ನೇ ನಂಬಿ. ಕೊನೆಗೆ ಟಾಪ್ ಗೇರ್‌ನಲ್ಲಿ ಏರು ಹತ್ತಿಸಿ, ಕಿಟಿಕಿಟಿ ನಿಲ್ಲದಿದ್ದರೆ ಕೂದಲೆಳೆಯಷ್ಟು ರಿಟಾರ್ಡ್ ಮಾಡಿ, ಅಂದ್ರೆ ಕಿಡಿ ತಡವಾಗುವ ಕಡೆಗೆ ತಿರುಗಿಸಿ.